ಚೊಗರು ಹತ್ತಿದ ಚೀಟಿ

ಆ ಮೂರು ಚೀಟಿಗಳು ಈಗ ನನ್ನ ಮೇಜಿನ ಮೇಲಿವೆ. ಮೂರೂ ಅಡಿಕೆ ಮಂಡಿಯ ತೂಕದ ಚೀಟಿಗಳು. ಒಂದು ಬದಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯ ಬಗೆಗಳ ಹೆಸರು ಅಚ್ಚಾದ ಸಾಲುಗಳು, ಅವುಗಳ ಎದುರಿಗೆ ಯಾರೂ ತುಂಬದ ಖಾಲಿ ಮನೆಗಳು. ಇನ್ನೊಂದು ಬದಿಯಲ್ಲಿ ನೀಲಿ ಪೆನ್ನಿನ ಬರಹ. ಮೂಲೆಯಲ್ಲಿ ಕೆಂಪು ಬೆರೆತ ಕಂದು ಬಣ್ಣದ ಹೆಬ್ಬೆರಳಿನ ಗುರುತು. ಇವುಗಳ ಬಗ್ಗೆ ಬರೆಯಲು ಕೂತಾಗಲೆಲ್ಲ ಮಾತುಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಅದಕ್ಕೇ ನಿಧಾನವಾಗಿ, ನಡೆದ ಕ್ರಮದಲ್ಲಿ, ಕಂಡಷ್ಟನ್ನೇ ಬರೆಯುತ್ತೇನೆ.

ನಾನು ಪದವಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುವವಳು. ಧರ್ಮಗಳ ಇತಿಹಾಸ ನನ್ನ ಇಷ್ಟದ ವಿಷಯ. ತರಗತಿಯಲ್ಲಿ ಆರೇಳು ಮಂದಿ ಇದ್ದರೆ ಹೆಚ್ಚು. ಚನ್ನಗಿರಿಯ ಓದುಗರ ಬಳಗವೊಂದರ ಹಿರಿಯರು, ನಿವೃತ್ತ ಹೆಡ್‌ಮಾಸ್ತರರು, ಒಂದು ದಿನ ಮನೆಗೆ ಬಂದು, ನಾಲ್ಕು ಭಾನುವಾರ ನಾಲ್ಕು ಊರುಗಳಲ್ಲಿ ಮಾತಾಡಬೇಕು ಎಂದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರು. ಹೊರಗಿನ ಜನರಿಗೆ ನಾನು ಯಾವತ್ತೂ ಉಪನ್ಯಾಸ ಕೊಟ್ಟವಳಲ್ಲ. ಹಿಂಜರಿದೆ.

"ಕಾಲೇಜಿನಾಗೆ ಪರೀಕ್ಷೆಗೆ ಬೇಕಾದಷ್ಟು ಹೇಳ್ತೀರಿ. ನಮಗೆ ಪರೀಕ್ಷೆ ಇಲ್ಲ ಮೇಡಂ, ಪೂರ್ತಿ ಹೇಳ್ರಿ" ಎಂದರು ಮಾಸ್ತರರು. ಒಪ್ಪಿಕೊಂಡೆ.

ಅವರ ಬಳಗದಲ್ಲಿ ಒಂದು ಪದ್ಧತಿ ಇತ್ತು. ಉಪನ್ಯಾಸ ಮುಗಿದ ಮೇಲೆ ಯಾರಿಗೂ ಮೈಕು ಕೊಡುವುದಿಲ್ಲ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕಳಿಸಬೇಕು, ಹೆಸರು ಬರೆಯಬಾರದು. ಹೆಸರಿದ್ದ ಚೀಟಿಯನ್ನು ಮಾಸ್ತರರು ಓದದೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೈಕು ಕೊಟ್ಟರೆ ಪ್ರಶ್ನೆ ಕೇಳಲು ಎದ್ದವರು ತಮ್ಮದೇ ಭಾಷಣ ಶುರುಮಾಡುತ್ತಾರೆ, ಹೆಂಗಸರು ಏಳುವುದೇ ಇಲ್ಲ, ಅದೂ ಧರ್ಮದ ಮಾತು ಬಂದರೆ ಜನ ಪ್ರಶ್ನೆಗಿಂತ ಮೊದಲು ಕೇಳಿದವರ ಮುಖ ನೋಡುತ್ತಾರೆ ಎನ್ನುವುದು ಅವರ ಅನುಭವ. ಕೊನೆಗೆ ಮಂಡಕ್ಕಿ ಹಂಚುವ ಬಿದಿರು ಬುಟ್ಟಿಯೇ ಮೊದಲು ಚೀಟಿಗಳ ಬುಟ್ಟಿಯಾಗಿ ಸಾಲು ಸಾಲು ಸುತ್ತುತ್ತಿತ್ತು.

ಚನ್ನಗಿರಿಯ ಶಾಲೆಯ ಸಭಾಂಗಣದಲ್ಲಿ ಮೊದಲ ಭಾನುವಾರ ಕುರ್ಚಿಗಳು ತುಂಬಿ ಜನ ಕಿಟಕಿಗೆ ಒರಗಿ ನಿಂತಿದ್ದರು. ತೋಟದವರು, ಅಂಗಡಿಯವರು, ಮೇಷ್ಟ್ರುಗಳು, ಮಡಿಲಲ್ಲಿ ಮಕ್ಕಳಿದ್ದ ತಾಯಂದಿರು. ನಾನು ಅಂದು ಮಾತಾಡಿದ್ದು ದೀಪದ ಬಗ್ಗೆ. ಬಸದಿಯಲ್ಲಿ, ವಿಹಾರದಲ್ಲಿ, ಗುಡಿಯಲ್ಲಿ, ದರ್ಗಾದಲ್ಲಿ, ಚರ್ಚಿನಲ್ಲಿ ಒಂದೇ ಬೆಳಕು ಹೇಗೆ ಬೇರೆ ಬೇರೆ ಅರ್ಥ ಹೊತ್ತು ಕೂತಿದೆ, ಒಂದು ಮತ ತಾನು ಬಿಟ್ಟುಬಂದ ಮತದ ಮನೆಯಿಂದ ಏನೇನನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಡುತ್ತದೆ ಎಂದು ಹೇಳಿದೆ. ಅರ್ಧ ಗಂಟೆ ಎಂದುಕೊಂಡದ್ದು ಒಂದೂಕಾಲು ಗಂಟೆಯಾಯಿತು. ಯಾರೂ ಏಳಲಿಲ್ಲ. ನನಗೆ ಜ್ವರ ಬಂದವರ ಹಾಗೆ ಮೈ ಬಿಸಿಯಾಗಿತ್ತು. ಇಪ್ಪತ್ತು ವರ್ಷ ಕಲಿಸಿದ್ದನ್ನು ಮೊದಲ ಸಲ ಯಾರೋ ಕೇಳಿಸಿಕೊಂಡಿದ್ದರು.

ಬುಟ್ಟಿ ಬಂತು. ಮೊದಲ ಚೀಟಿ ಅಲ್ಲೇ ಇತ್ತು: ‘ನಂಬಿಕೆ ಇಲ್ಲದವರು ದೀಪ ಹಚ್ಚಿದರೆ ಅದು ಸುಳ್ಳಾಗುತ್ತದೆಯೇ?’

ಓದುತ್ತಿದ್ದಂತೆ ರೋಮಾಂಚನವಾಯಿತು. ಧರ್ಮದ ತತ್ತ್ವಶಾಸ್ತ್ರದಲ್ಲಿ ಗ್ರಂಥಗಟ್ಟಲೆ ಚರ್ಚೆಯಾದ ಪ್ರಶ್ನೆಯನ್ನು ಯಾರೋ ಒಂದು ಸಾಲಿನಲ್ಲಿ ಕೇಳಿದ್ದರು. ಚೀಟಿಯನ್ನು ತಿರುಗಿಸಿ ನೋಡಿದೆ. ಮಂಡಿಯ ಚೀಟಿ. ಹಾಗಾದರೆ ಕೇಳಿದವರು ಅಡಿಕೆ ಬೆಳೆಯುವವರು, ತೋಟ ಇರುವವರು, ಬಹುಶಃ ಗಂಡಸು, ನಮ್ಮ ಕಡೆಯ ಶೈವರ ಮನೆಯವರು ಎಂದು ಒಂದು ಕ್ಷಣದಲ್ಲಿ ತೀರ್ಮಾನಿಸಿಬಿಟ್ಟೆ. ಹೆಬ್ಬೆರಳಿನ ಕಲೆಯನ್ನೂ ನೋಡಿದೆ. ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ ಕಲೆ ಅದು. ನನ್ನ ತೀರ್ಮಾನಕ್ಕೆ ಅದೂ ಸಾಕ್ಷಿಯೇ ಅನ್ನಿಸಿತು.

ಆದ್ದರಿಂದ ಲಿಂಗಪೂಜೆಯ ಬಗ್ಗೆ ಉತ್ತರ ಕೊಟ್ಟೆ. ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂರುವವನಿಗೆ ಒಂದೊಂದು ದಿನ ಮನಸ್ಸು ನಿಲ್ಲದಿದ್ದರೂ ರೂಢಿಯೇ ಅವನನ್ನು ನಂಬಿಕೆಯ ಹತ್ತಿರ ಕರೆದೊಯ್ಯುತ್ತದೆ ಎಂದೆ. ನಾನೂ ದಿನಾ ಬೆಳಿಗ್ಗೆ ಹಾಗೆ ಕೂರುವವಳು. ನಂಬಿಕೆಯಿಂದಲೋ ರೂಢಿಯಿಂದಲೋ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಬುಟ್ಟಿಗೆ ಮಂಡಕ್ಕಿ ಬಂತು.

ಎರಡನೆಯ ಭಾನುವಾರ ಹೊನ್ನಾಳಿ. ದೇವರು ಇದ್ದಾನೆ ಎನ್ನಲು ತಾರ್ಕಿಕರು ಕೊಟ್ಟ ಕಾರಣಗಳು, ಇಲ್ಲ ಎನ್ನಲು ಬೌದ್ಧರು ಕೊಟ್ಟ ಕಾರಣಗಳು ಅಂದಿನ ವಿಷಯ. ಬುಟ್ಟಿಯಲ್ಲಿ ಮತ್ತೆ ಮಂಡಿಯ ಚೀಟಿ, ಅದೇ ಕೈಬರಹ, ಅದೇ ಕಲೆ: ‘ಹೋದ ವಾರ ನೀವು ಲಿಂಗದ ಬಗ್ಗೆ ಹೇಳಿದಿರಿ. ನಾನು ಕೇಳಿದ್ದು ದೀಪದ ಬಗ್ಗೆ.’

ಮಾಸ್ತರರು ಅದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿದರು. ಸಭೆ ನಕ್ಕಿತು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಯಿತು. ಈ ಸಲ ಪುಸ್ತಕದ ಕಡೆಗೆ ಹೋದೆ. ಮೀಮಾಂಸಕರೆಂಬ ಹಳೆಯ ಪಂಡಿತರಿದ್ದರು, ಅವರ ಪ್ರಕಾರ ಯಜ್ಞಕ್ಕೆ ಫಲ ಬರುವುದು ಯಾವ ದೇವತೆಯ ದಯೆಯಿಂದಲೂ ಅಲ್ಲ, ಕರ್ಮದಿಂದಲೇ, ಹೇಳಿದಂತೆ ಮಾಡಿದೆಯೋ ಇಲ್ಲವೋ ಎಂಬುದೇ ಮುಖ್ಯ, ಆದ್ದರಿಂದ ನಂಬದೆ ಹಚ್ಚಿದ ದೀಪವೂ ದೀಪವೇ ಎಂದು ವಿವರಿಸಿದೆ. ವೇದದ ಪಂಡಿತರೇ ದೇವತೆಯನ್ನು ಬದಿಗೆ ಸರಿಸಿದ್ದರು ಎಂದು ಕೇಳಿ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆದ್ದೆ ಅಂದುಕೊಂಡೆ. ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಹೊಳೆ ಕಂಡದ್ದು ನೆನಪಿದೆ. ಆ ಚೀಟಿ ಬರೆದವನನ್ನು ಒಮ್ಮೆ ನೋಡಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲೇ. ನನ್ನ ಮನಸ್ಸಿನಲ್ಲಿ ಅವನು ಇನ್ನೂ ಗಂಡಸೇ.

ಮೂರನೆಯ ವಾರ ನ್ಯಾಮತಿಗೆ ಹೊರಟಾಗ ಉಪನ್ಯಾಸಕ್ಕಿಂತ ಹೆಚ್ಚಾಗಿ ಚೀಟಿಯದೇ ಯೋಚನೆ. ಸವಳಂಗದ ಕಡೆಯಿಂದ ಬೈಕುಗಳಲ್ಲಿ ಇಬ್ಬಿಬ್ಬರು ಮೂವರು ಮೂವರು ಬಂದಿದ್ದರು. ನಾನು ಮಾತಾಡುತ್ತಲೇ ಯಾರ ಕೈ ಯಾವ ಕಾಗದದ ಮೇಲೆ ಓಡುತ್ತಿದೆ ಎಂದು ಸಾಲುಗಳನ್ನು ನೋಡುತ್ತಿದ್ದೆ. ಏನೂ ತಿಳಿಯಲಿಲ್ಲ. ಬುಟ್ಟಿ ಬಂದಾಗ ಕೈಯೇ ಹೋಗಿ ಆ ಚೀಟಿಯನ್ನು ಹುಡುಕಿ ತೆಗೆಯಿತು.

‘ನೀವು ಹೇಳಿದ ಪಂಡಿತರ ಮನೆಯಲ್ಲಿ ದಿನಾ ಸಂಜೆ ದೀಪ ಹಚ್ಚುತ್ತಿದ್ದವರು ಯಾರು? ಅವರಿಗೆ ನಂಬಿಕೆ ಇತ್ತೇ ಎಂದು ಯಾರಾದರೂ ಕೇಳಿದ್ದರೇ?’

ಇದನ್ನು ನಾನೇ ಓದಿದೆ, ಎರಡು ಸಲ. ಆ ಪಂಡಿತರ ಸೂತ್ರಗಳು ಗೊತ್ತು, ಭಾಷ್ಯಗಳು ಗೊತ್ತು, ಅವರ ವಾದಕ್ಕೆ ಎದುರು ವಾದ ಹೂಡಿದವರು ಗೊತ್ತು. ಅವರ ಮನೆಯಲ್ಲಿ ಎಣ್ಣೆ ಬತ್ತಿ ನೋಡಿಕೊಂಡವಳ ಬಗ್ಗೆ ಒಂದಕ್ಷರವನ್ನೂ ನಾನು ಎಲ್ಲೂ ಓದಿರಲಿಲ್ಲ. ಹುಡುಕಿರಲೂ ಇಲ್ಲ.

"ನನಗೆ ಗೊತ್ತಿಲ್ಲ" ಎಂದೆ.

ಅಷ್ಟು ಜನರ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು. ಅವಮಾನ ಆಗಬೇಕಿತ್ತು. ಆಗಿದ್ದು ಖುಷಿ. ಹಿಂದಿನಿಂದ ಯಾರೋ, ಯಾರ್ರೀ ಅದು ಬರೆದೋರು, ಎದ್ದು ನಿಲ್ರಿ ನೋಡಾನ, ಎಂದು ಕೂಗಿದರು. ಮಾಸ್ತರರು ಕೈ ಎತ್ತಿ ಪದ್ಧತಿಯನ್ನು ನೆನಪಿಸಿದರು. ನಾನು ಮಾತ್ರ ಹೇಳಿದೆ: ಮುಂದಿನ ಭಾನುವಾರ ಜಗಳೂರಿಗೆ ಬನ್ನಿ. ಚೀಟಿ ಬರೆಯಿರಿ, ಇಲ್ಲವೇ ಇಷ್ಟವಿದ್ದರೆ ಎದ್ದು ಮಾತಾಡಿ. ಉತ್ತರ ಇಲ್ಲದಿದ್ದರೂ ಕೇಳಿಸಿಕೊಳ್ಳಲು ನಾನು ಇರುತ್ತೇನೆ.

ಆ ವಾರವೆಲ್ಲ ಪುಸ್ತಕ ತೆಗೆದು ಹುಡುಕಿದೆ. ಬೆಳಿಗ್ಗೆ ಲಿಂಗ ಅಂಗೈ ಮೇಲೆ ಇಟ್ಟುಕೊಂಡಾಗ ಚೀಟಿಯ ಸಾಲು ಎದುರಿಗೆ ಬಂದು ನಿಲ್ಲುತ್ತಿತ್ತು.

ಜಗಳೂರಿನ ನೆಲ ಬೇರೆ, ಬಿಸಿಲು ಬೇರೆ. ಶಾಲೆಯ ಹಾಲಿನಲ್ಲಿ ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು. ಸಂದೇಹದ ಬಗ್ಗೆ ಮಾತಾಡಿದೆ: ಅನುಮಾನಪಟ್ಟವರೂ ಧರ್ಮದ ಇತಿಹಾಸದೊಳಗೇ ಇದ್ದಾರೆ, ಹೊರಗಲ್ಲ ಎಂದು. ಬುಟ್ಟಿ ಬಂತು. ಇಪ್ಪತ್ತಕ್ಕೂ ಹೆಚ್ಚು ಚೀಟಿ. ನನಗೆ ಬೇಕಾದದ್ದು ಇರಲಿಲ್ಲ. ತಳದವರೆಗೆ ನೋಡಿದೆ. ಉಳಿದವಕ್ಕೆ ಏನು ಉತ್ತರಿಸಿದೆನೋ ಸರಿಯಾಗಿ ನೆನಪಿಲ್ಲ. ಮಾಸ್ತರರು ವಂದನೆ ಹೇಳಲು ಮೈಕು ಹಿಡಿದಾಗ ಮೂರನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ನಲವತ್ತರ ಆಸುಪಾಸು, ತಿಳಿನೀಲಿ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ.

"ಚೀಟಿ ಬರೀರಮ್ಮ" ಎಂದರು ಮಾಸ್ತರರು.

"ಬರೆದು ಬರೆದು ಸಾಕಾತು ಸರ್. ಮೂರು ಊರಿಗೆ ಬರೆದೀನಿ" ಎಂದಳು.

ಮಾಸ್ತರರು ನನ್ನ ಕಡೆ ನೋಡಿದರು. ಅವರಾಗಿಯೇ ಮೈಕಿನ ತಂತಿ ಎಳೆದುಕೊಂಡು ಹೋಗಿ ಅವಳ ಕೈಗೆ ಕೊಟ್ಟರು.

ಅವಳು ಹೇಳಿದ್ದನ್ನು ಅವಳ ಕ್ರಮದಲ್ಲೇ ಬರೆಯುತ್ತೇನೆ. ಬಸವಾಪಟ್ಟಣದ ಹತ್ತಿರದ ಊರಿನವಳು, ಅಡಿಕೆ ಸುಲಿಯುವ, ಬೇಯಿಸುವ ಕೆಲಸಕ್ಕೆ ಹೋಗುವವಳು. ಅವಳ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವರು. ಆ ದಿನ ಮನೆಯವರೆಲ್ಲ ಸಾಲಾಗಿ ನಿಂತು, ಇನ್ನು ದೇವರ ಪೂಜೆ ಮಾಡುವುದಿಲ್ಲ ಎಂದು ಮಾತು ಕೊಟ್ಟರು. ಅವ್ವನೂ ಕೊಟ್ಟಳು. ಆದರೆ ಮನೆದೇವತೆಯನ್ನು ಇಟ್ಟ ಬುಟ್ಟಿಯನ್ನು ಒಳಮನೆಯ ಮೂಲೆಯಲ್ಲಿ ಇಟ್ಟುಕೊಂಡು ಸಂಜೆ ಒಂದು ದೀಪ ಹಚ್ಚುವುದನ್ನು ಬಿಡಲಿಲ್ಲ. ಅಪ್ಪ ಕಂಡರೂ ಕಾಣದಂತೆ ಇದ್ದರು. ಅಪ್ಪ ಹೋಗಿ ಬಹಳ ವರ್ಷವಾಯಿತು. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಯಾರೆಂದು ತಿಳಿಯದಂತಾಗಿ ಎರಡು ವರ್ಷ. ಇನ್ನು ನೀನೇ ದೀಪ ಹಚ್ಚು ಎಂದು ಮಗಳಿಗೆ ಹೇಳಿದಳು. ಹಚ್ಚಿದರೆ ಅಪ್ಪನ ಮಾತು ಮುರಿದಂತೆ ಎಂದು ನೌಕರಿಯಲ್ಲಿರುವ ಅಣ್ಣ ಫೋನಿನಲ್ಲಿ ಗದರಿಸಿದ.

"ಅಣ್ಣ ಅಂದ ಅಂತಲ್ಲ. ನನಗೇ ನಂಬಿಕೆ ಇಲ್ಲ" ಎಂದಳು. "ದಿನಾ ಸಂಜೆ ಕೇಳ್ತಾಳೆ, ದೀಪ ಹಚ್ಚಿದ್ಯೇನೇ ಅಂತ. ಹೂಂ ಅಂತೀನಿ. ಹಚ್ಚಿಲ್ಲ. ಎರಡು ವರ್ಷದಾಗೆ ಒಂದು ದಿನಾನೂ ಹಚ್ಚಿಲ್ಲ. ಬರೋ ಗುರುವಾರ ಅವಳಿಗೆ ಕಣ್ಣಿನ ಆಪರೇಷನ್. ಶುಕ್ರವಾರ ಪಟ್ಟಿ ಬಿಚ್ತಾರೆ. ಮನೆಗೆ ಬಂದೋಳು ಮೊದ್ಲು ನೋಡೋದೇ ಆ ಮೂಲೆ. ಜೇಡ ಕಟ್ಟೈತೆ ಆ ದೀಪಕ್ಕೆ. ಈಗ ಏನು ಮಾಡ್ಲಿ ಹೇಳ್ರಿ."

ಮೂರು ವಾರ ಅವಳು ತತ್ತ್ವಶಾಸ್ತ್ರದ ಪ್ರಶ್ನೆ ಕೇಳುತ್ತಿದ್ದಾಳೆ ಎಂದು ಸಂಭ್ರಮಪಟ್ಟಿದ್ದೆ. ಅವಳು ಕೇಳುತ್ತಿದ್ದುದು ಶುಕ್ರವಾರ ಮನೆಯಲ್ಲಿ ನಡೆಯುವುದರ ಬಗ್ಗೆ.

ಸಭೆಯೇ ಮಾತಾಡತೊಡಗಿತು. ಮಾಸ್ತರರ ಪದ್ಧತಿ ಅಂದು ಮುರಿದುಬಿತ್ತು, ಅವರೂ ತಡೆಯಲಿಲ್ಲ. ಇವತ್ತೇ ಹೋಗಿ ಜೇಡ ತೆಗೆದು ಹಚ್ಚಿಬಿಡವ್ವ, ಯಾರಿಗೆ ಗೊತ್ತಾಗ್ತದೆ, ಎಂದರು ಒಬ್ಬರು. ಅದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಎಂದು ಅವರ ಪಕ್ಕದವರೇ ಹೇಳಿದರು. ಅಪ್ಪನ ಮಾತೇ ದೊಡ್ಡದು ಎಂದ ಒಬ್ಬ ಯುವಕ. ಅಷ್ಟರಲ್ಲಿ ಮುಂದಿನ ಸಾಲಿನ ಮುದುಕಿಯೊಬ್ಬಳು ಕೂತಲ್ಲಿಂದಲೇ ಹಿಂದಕ್ಕೆ ತಿರುಗಿದಳು. ಎಲೆಯಡಿಕೆ ಬಾಯಿಯ ಒಂದು ಬದಿಗೆ ಸರಿಸಿಕೊಂಡು ಕೇಳಿದಳು:

"ಅಲ್ಲವೇ, ಎಣ್ಣೆದೀಪ ಹಚ್ಚಿದ್ರೆ ಬತ್ತಿ ವಾಸ್ನೆ ಮನೆ ತುಂಬ ಬರ್ತೈತೆ. ನಿಮ್ಮವ್ವಗೆ ಕಣ್ಣಿಲ್ಲ ಸರಿ. ಮೂಗೂ ಇಲ್ವೇನು?"

ಮೈಕು ಹಿಡಿದ ಅವಳ ಕೈ ಕೆಳಗೆ ಇಳಿಯಿತು. ಅವಳು ಮೆಲ್ಲನೆ ಕುರ್ಚಿಯಲ್ಲಿ ಕೂತಳು. ಮುಖದಲ್ಲಿ ಬಣ್ಣ ಹೋಯಿತು, ಮತ್ತೆ ಬಂತು. ಹಾಗಾದರೆ ಅವಳ ತಾಯಿ ಎರಡು ವರ್ಷ, ದಿನಾ ಸಂಜೆ, ಗೊತ್ತಿದ್ದೂ ಕೇಳಿದ್ದಾಳೆ. ಆ ಮುದುಕಿಗೆ ತಾನು ಏನು ಹೇಳಿದೆ ಎಂಬುದು ತಿಳಿದಿತ್ತೋ ಇಲ್ಲವೋ, ಅವಳು ಆಗಲೇ ಮಂಡಕ್ಕಿ ಬುಟ್ಟಿಯ ಕಡೆ ನೋಡುತ್ತಿದ್ದಳು.

ದಾವಣಗೆರೆಯ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಕಂಡಕ್ಟರು ಇಬ್ಬರಿಗೂ ಉಚಿತ ಟಿಕೆಟ್ ಹರಿದು ಕೊಟ್ಟ. ಬಸ್ಸು ಫ್ರೀ ಆಗದಿದ್ದರೆ ನಾಲ್ಕು ಊರು ತಿರುಗಾಕೆ ನನಗೆಲ್ಲಿ ಆಗ್ತಿತ್ತು ಎಂದಳು. ನಾನೇ ನನ್ನ ತಪ್ಪನ್ನು ಒಪ್ಪಿಕೊಂಡೆ: ಮಂಡಿಯ ಚೀಟಿ ನೋಡಿ, ಚೊಗರಿನ ಕಲೆ ನೋಡಿ, ಯಾರೋ ತೋಟದ ಯಜಮಾನರು ಅಂದುಕೊಂಡಿದ್ದೆ ಎಂದು. ಅವಳು ಜೋರಾಗಿ ನಕ್ಕಳು. ಮಂಡಿಯವರು ಬಿಸಾಡಿದ ಚೀಟಿಗಳನ್ನು ಎಲೆಯಡಿಕೆ ಕಟ್ಟಿಕೊಳ್ಳಲು ಕೆಲಸದವರು ಎತ್ತಿಟ್ಟುಕೊಳ್ಳುತ್ತಾರಂತೆ.

"ತೋಟ ಇದ್ದೋರ ಕೈಗೆ ಚೊಗರು ಯಾಕೆ ಹತ್ತುತ್ತೈತೆ ಮೇಡಂ?" ಎಂದು ತನ್ನ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಗೆರೆಗಳೆಲ್ಲ ಕಂದಾಗಿದ್ದವು.

ಯಾವ ದಾಖಲೆಯನ್ನು ಓದುವಾಗಲೂ ಅದು ಯಾರ ಕೈಯಿಂದ ಬಂತು ಎಂದು ಮೊದಲು ಕೇಳಿ ಎಂದು ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತೇನೆ. ಕೈಯ ಗುರುತೇ ಎದುರಿಗಿದ್ದಾಗ ಅದರ ಮೇಲೆ ನನ್ನ ಮನೆಯ ಲಿಂಗಪೂಜೆಯ ಪ್ರಶ್ನೆಯನ್ನು ಇಟ್ಟು ಓದಿದ್ದೆ. ಇಳಿಯುವ ಮುಂಚೆ ಅವಳು, ಶುಕ್ರವಾರದ ಮೇಲೆ ಒಂದು ದಿನ ಮನೆಗೆ ಬರ್ರಿ, ಅವ್ವಗೆ ತೋರಿಸ್ತೀನಿ ನಿಮ್ಮನ್ನ, ಎಂದಳು. ಏನು ಮಾಡುತ್ತೀ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಭಾನುವಾರಕ್ಕೆ ಕಾಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಬಸವಾಪಟ್ಟಣದಲ್ಲಿ ಇಳಿದು ಆಟೋದಲ್ಲಿ ಹೋದೆ. ಸಂಜೆ ಐದು ಗಂಟೆ ಇರಬೇಕು. ತಾಯಿ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಿನ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಆಮೇಲೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಇವರೇನೇ ಲಿಂಗದ ಮೇಡಂ?" ಎಂದು ಮಗಳನ್ನು ಕೇಳಿದಳು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಅಪ್ಪನ ಫೋಟೋ. ಒಳಮನೆಯ ಮೂಲೆ ನಾನು ಕೂತಲ್ಲಿಂದ ಕಾಣುತ್ತಿತ್ತು. ಬಿದಿರಿನ ಬುಟ್ಟಿ, ಕೆಂಪು ಬಟ್ಟೆ, ಮುಂದೆ ಒಂದು ಹಿತ್ತಾಳೆ ದೀಪ. ಜೇಡರಬಲೆ ಹಾಗೇ ಇತ್ತು.

ಮಗಳು ಅಡುಗೆಮನೆಗೆ ಕರೆದು ಹೇಳಿದಳು. ಬುಧವಾರ ಸಂಜೆ, ಆಸ್ಪತ್ರೆಗೆ ಹೊರಡುವ ಹಿಂದಿನ ದಿನ, ಅವ್ವ ಕೇಳುವ ಮೊದಲೇ ಅವಳು ಹೋಗಿ ಎದುರು ಕೂತಳಂತೆ. ಹಚ್ಚಿಲ್ಲ ಕಣವ್ವ, ಎರಡು ವರ್ಷದಿಂದ ಹಚ್ಚಿಲ್ಲ ಎಂದಳಂತೆ. ತಾಯಿ, ಗೊತ್ತು ಬಿಡು, ಸುಳ್ಳು ಹೇಳಾಕೂ ಬರಲ್ಲ ನಿನಗೆ, ನಿಮ್ಮಪ್ಪನ ಹಂಗೆ, ಎಂದು ನಕ್ಕಳಂತೆ. ಮತ್ತೆ ದಿನಾ ಯಾಕೆ ಕೇಳ್ತಿದ್ದೆ ಎಂದದ್ದಕ್ಕೆ ತಾಯಿ ಹೇಳಿದ ಮಾತನ್ನು ಮಗಳು ನನಗೆ ತಾಯಿಯ ದನಿಯಲ್ಲೇ ಹೇಳಿದಳು: "ನಾನು ಕೇಳದಿದ್ರೆ ಆ ಮೂಲೆ ಐತೆ ಅಂತ ನಿನಗೆ ನೆನಪಿರ್ತಿತ್ತೇನೇ?"

ನಾನು ಆ ಅಡುಗೆಮನೆಯಲ್ಲಿ ನಿಂತು, ನಾಲ್ಕು ಊರುಗಳಲ್ಲಿ ನಾನು ಹೇಳಿದ್ದನ್ನೆಲ್ಲ ಒಮ್ಮೆ ನೆನಪು ಮಾಡಿಕೊಂಡೆ. ಅದರಲ್ಲಿ ಈ ಮಾತಿಗೆ ಜಾಗ ಎಲ್ಲೂ ಇರಲಿಲ್ಲ. ಹೊಸದಾಗಿ ಮಾಡಬೇಕು ಅನ್ನಿಸಿತು. ಎಷ್ಟು ದೊಡ್ಡ ಕೆಲಸ ಅದು ಎಂದೂ ಆಗಲೇ ಹೊಳೆಯಿತು.

ಚಹಾ ಕುಡಿಯುವ ಹೊತ್ತಿಗೆ ಹೊರಗೆ ಬಿಸಿಲು ಇಳಿದಿತ್ತು. ಒಂದು ತಿಂಗಳು ಹೊಗೆ, ಒಲೆ, ಬೆಂಕಿಯ ಹತ್ತಿರ ಸುಳಿಯಬೇಡ ಎಂದು ಡಾಕ್ಟರು ತಾಯಿಗೆ ಹೇಳಿದ್ದರು. ಹಾಗಾಗಿ ಅವಳೇ ಎದ್ದು ಹೋಗಿ ಹಚ್ಚುವಂತಿರಲಿಲ್ಲ. ಅವಳು ಕನ್ನಡಕವನ್ನು ಸರಿಮಾಡಿಕೊಂಡು, ಕುತ್ತಿಗೆ ತಿರುಗಿಸಿ, ಈಗ ಕಾಣುವ ಆ ಮೂಲೆಯನ್ನು ನೋಡಿದಳು. ದೀಪ ಉರಿಯುತ್ತಿಲ್ಲ ಎಂಬುದು ಮೂವರಿಗೂ ಕಾಣುತ್ತಿತ್ತು.

"ದೀಪ ಹಚ್ಚಿದ್ಯೇನೇ?" ಎಂದು ಕೇಳಿದಳು.

ಮಗಳು ಲೋಟ ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ, ಫೋಟೋದ ಕಡೆಯೂ ನೋಡಲಿಲ್ಲ. ತಾಯಿಯ ಕಪ್ಪು ಕನ್ನಡಕವನ್ನೇ ನೋಡಿ ಹೇಳಿದಳು.

"ಇಲ್ಲವ್ವ."

"ಹೂಂ" ಎಂದಳು ತಾಯಿ. "ನಾಳೆ ಕೇಳ್ತೀನಿ."

ಆಮೇಲೆ ನನ್ನ ಲೋಟದಲ್ಲಿ ಚಹಾ ಇನ್ನೂ ಇದೆಯೇ ಎಂದು ಬಗ್ಗಿ ನೋಡಿ, ಇವರಿಗೆ ಇನ್ನೊಂದಿಷ್ಟು ಹಾಕು ಎಂದು ಮಗಳಿಗೆ ಹೇಳಿದಳು.